ಬಂಕರ್ ಆರಿಸುವ ಮೊದಲು ಮಣ್ಣು ನೋಡಿ

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ ಹೊರವಲಯದ ಒಂದು ಹೊಸ ಬಡಾವಣೆಯಲ್ಲಿ ಒಂಬತ್ತು ಹೋಲಿನ ಗಾಲ್ಫ್ ಮೈದಾನ ಬರಲಿದೆ ಎಂಬ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಅದರ ಬಗ್ಗೆ ಓದುಗರು ಬರೆದ ಪತ್ರಗಳನ್ನೂ ಓದಿದೆ. ಹೆಚ್ಚಿನವರು ನೀರಿನ ವಿಷಯ ಎತ್ತಿದ್ದಾರೆ. ಸರಿಯಾದ ಮಾತೇ. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಿನಲ್ಲಿ ಹುಲ್ಲಿಗೆ ಕುಡಿಯುವ ನೀರು ಬಿಡುತ್ತೇವೆ ಅಂದರೆ ಯಾರು ಒಪ್ಪುತ್ತಾರೆ? ಬಡಾವಣೆಯ ಚರಂಡಿ ನೀರನ್ನೇ ಶುದ್ಧ ಮಾಡಿ ಬಿಡುವುದಾದರೆ ಮಾತ್ರ ಮುಂದಿನ ಮಾತು. ಆ ಚರ್ಚೆಯನ್ನು ಬೇರೆಯವರು ನನಗಿಂತ ಚೆನ್ನಾಗಿ ಮಾಡುತ್ತಿದ್ದಾರೆ. ನಾನು ಬರೆಯುತ್ತಿರುವುದು ಯಾರೂ ಎತ್ತದ ಇನ್ನೊಂದು ವಿಷಯ: ಆ ಮೈದಾನದ ಬಂಕರ್‌ಗಳು.

ನಾನು ಕುಂದಗೋಳ ಕಡೆಯವನು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ನೌಕರಿಯ ಬಹುಪಾಲನ್ನು ಬೆಂಗಳೂರಿನ ಗಾಲ್ಫ್ ಮೈದಾನಗಳಲ್ಲಿ ಹುಲ್ಲು, ಮಣ್ಣು, ಉಸುಕು ನೋಡಿಕೊಳ್ಳುತ್ತ ಕಳೆದವನು. ಈಗ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಗಾಲ್ಫ್ ಆಡಿದ್ದು ಕಡಿಮೆ. ಆಡುವವರು ಕೆದರಿ ಹೋದದ್ದನ್ನು ಸರಿ ಮಾಡಿಸಿದ್ದೇ ಜಾಸ್ತಿ.

ಗಾಲ್ಫ್ ನೋಡದವರಿಗಾಗಿ ಎರಡು ಮಾತು. ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಿಸಬೇಕಾದ ಕುಳಿಯವರೆಗಿನ ಒಂದು ಆಟದ ಪಟ್ಟಿ. ಆ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗವೇ ಗ್ರೀನ್. ಬಂಕರ್ ಎಂದರೆ ಚೆಂಡಿನ ದಾರಿಯಲ್ಲಿ ಬೇಕಂತಲೇ ಮಾಡಿಟ್ಟ ಉಸುಕಿನ ತಗ್ಗು. ಹುಲ್ಲು ಮತ್ತು ಮೇಲ್ಮಣ್ಣು ತೆಗೆದು ಉಸುಕು ತುಂಬಿರುತ್ತಾರೆ. ಚೆಂಡು ಅದರೊಳಗೆ ಬಿದ್ದರೆ ಅಲ್ಲಿಂದಲೇ ಹೊಡೆದು ಎತ್ತಬೇಕು. ಹೊಡೆಯುವ ಮೊದಲು ಕೋಲನ್ನು ಚೆಂಡಿನ ಹಿಂದಿನ ಉಸುಕಿಗೆ ತಾಗಿಸುವಂತಿಲ್ಲ. ಗ್ರೀನ್ ಪಕ್ಕದ ಬಂಕರ್ ಆದರೆ ಚೆಂಡಿಗೆ ನೇರವಾಗಿ ಹೊಡೆಯುವುದೂ ಇಲ್ಲ. ಚೆಂಡಿನ ಹಿಂದೆ ಒಂದೆರಡು ಇಂಚು ಬಿಟ್ಟು ಉಸುಕಿಗೇ ಹೊಡೆಯುತ್ತಾರೆ. ಉಸುಕು ಹಾರುತ್ತದೆ, ಅದರ ಜೊತೆ ಚೆಂಡೂ ಹಾರುತ್ತದೆ. ಹಾಗಾಗಿ ಕೆಳಗೆ ಎಷ್ಟು ಉಸುಕಿದೆ, ಎಂಥದ್ದಿದೆ, ಒಣಗಿದೆಯೋ ಕೆಸರಾಗಿದೆಯೋ ಎಂಬುದರ ಮೇಲೆ ಆ ಹೊಡೆತ ನಿಂತಿದೆ.

ಬಡಾವಣೆಯವರ ಬ್ರೋಷರ್ ನಮ್ಮ ಮನೆಗೂ ಬಂತು. ನನ್ನ ಅಣ್ಣನ ಮಗ ಸೈಟ್ ನೋಡಲು ಹೋದವನು ತಂದ. ಹೊಳೆಯುವ ಹಾಳೆ. ಅದರಲ್ಲಿ ಬೆಳ್ಳಗೆ ಮಿಂಚುವ ಉಸುಕು. ಉಸುಕು ತಳದಲ್ಲಷ್ಟೇ ಇಲ್ಲ, ಇಳಿಜಾರು ಗೋಡೆಯ ಮೇಲೂ ಹತ್ತಿ ಹುಲ್ಲಿನ ಅಂಚಿನವರೆಗೆ ಹೋಗಿದೆ. ದೂರದಿಂದಲೇ ಕಣ್ಣಿಗೆ ಹೊಡೆಯುವ ಹಾಗೆ. ನಕ್ಷೆಯಲ್ಲಿ ಬಂಕರ್ ಎಣಿಸಿದರೆ 40 ದಾಟುತ್ತವೆ. ಒಂಬತ್ತು ಹೋಲಿಗೆ!

ಆ ಶೈಲಿ ಎಲ್ಲಿಯದು ಅಂತ ಟಿವಿಯಲ್ಲಿ ಗಾಲ್ಫ್ ನೋಡುವವರಿಗೆ ಗೊತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್. ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಟೂರ್ನಿ ನಡೆಯುವ ಜಾಗ. ಅಲ್ಲಿನ ಬಿಳಿ ಉಸುಕು ಅಲ್ಲಿಯ ನೆಲದ್ದೇ ಅಲ್ಲ. ನಾರ್ತ್ ಕೆರೊಲಿನಾ ರಾಜ್ಯದ ಸ್ಪ್ರೂಸ್ ಪೈನ್ ಎಂಬ ಗುಡ್ಡಗಾಡಿನ ಊರಿನಿಂದ ತರಿಸಿದ ಬೆಣಚುಕಲ್ಲಿನ ಪುಡಿ. ಫೆಲ್ಡ್‌ಸ್ಪಾರ್ ಗಣಿಗಾರಿಕೆಯಲ್ಲಿ ಉಳಿದ ಪದಾರ್ಥ ಅದು. ಅದೇ ಊರಿನ ಶುದ್ಧ ಬೆಣಚುಕಲ್ಲು ಕಂಪ್ಯೂಟರ್ ಚಿಪ್ ತಯಾರಿಕೆಗೂ ಹೋಗುತ್ತದೆ. ಅಂಥ ಉಸುಕನ್ನು ಇಳಿಜಾರಿನ ಮೇಲೆ ನಿಲ್ಲಿಸಲು ಅಲ್ಲಿ ಕೆಳಗೆ ಎಷ್ಟು ಕೆಲಸ ಮಾಡಿರುತ್ತಾರೆ, ಬೆಳಗಾಗುವ ಮೊದಲು ಎಷ್ಟು ಜನ ಹಲುಬೆ ಎಳೆದಿರುತ್ತಾರೆ ಎಂಬುದು ಟಿವಿಯಲ್ಲಿ ಕಾಣುವುದಿಲ್ಲ.

ಇನ್ನೊಂದು ವಿಷಯ ಬ್ರೋಷರ್ ಮಾಡಿದವರಿಗೆ ಗೊತ್ತಿಲ್ಲವೇನೋ. ಅಗಸ್ಟಾ ಮೈದಾನವನ್ನು ಅಮೆರಿಕದ ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದವರು ಅಲಿಸ್ಟರ್ ಮೆಕೆಂಜಿ. ವೃತ್ತಿಯಿಂದ ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಜೊತೆ ಇದ್ದರು. ಬೋಯರ್ ರೈತರು ತಮ್ಮ ಕಂದಕಗಳನ್ನು ಸುತ್ತಲಿನ ನೆಲಕ್ಕೆ ಹೊಂದಿಸಿ ಮರೆಮಾಡುತ್ತಿದ್ದುದನ್ನು ಅಲ್ಲಿ ನೋಡಿದರು. ಆ ಪಾಠವನ್ನೇ ಆಮೇಲೆ ಬಂಕರ್‌ಗೆ ತಂದರು. ಬಂಕರ್ ಅಗೆದದ್ದು ಅಂತ ಕಾಣಬಾರದು, ಅಲ್ಲೇ ಇತ್ತು ಅಂತ ಕಾಣಬೇಕು ಎಂಬುದು ಅವರ ಹಟ. ಮತ್ತು ಅಗಸ್ಟಾದಲ್ಲಿ ಅವರು ಶುರುವಿಗೆ ಮಾಡಿದ್ದು ಹದಿನೆಂಟು ಹೋಲಿಗೆ 22 ಬಂಕರ್ ಮಾತ್ರ. ಉಳಿದವು ಆಮೇಲೆ ಸೇರಿದವು. ಅವರ ಶೈಲಿಯನ್ನು ನಕಲು ಮಾಡುವವರು ಅವರ ಕೈಬಿಗಿಯನ್ನು ಬಿಟ್ಟು ಉಸುಕಿನ ಬಣ್ಣವನ್ನು ಮಾತ್ರ ನಕಲು ಮಾಡುತ್ತಾರೆ.

ಈಗ ನಮ್ಮ ನೆಲಕ್ಕೆ ಬರೋಣ. ಆ ಜಾಗವನ್ನು ನಾನು ಹೋಗಿ ನೋಡಿ ಬಂದೆ. ಪಕ್ಕಾ ಎರಿ ಹೊಲ. ಹತ್ತಿ, ಕಡಲೆ, ಜೋಳ ಬೆಳೆಯುತ್ತಿದ್ದ ಭೂಮಿ. ಈ ಮಣ್ಣಿನ ಗುಣ ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಈ ಹೊಲಗಳಲ್ಲಿ ಕಟ್ಟಿದ ಮನೆಗಳ ಗೋಡೆ ಸೀಳುವುದೂ ಇದೇ ಕಾರಣಕ್ಕೆ.

ಇಂಥ ಮಣ್ಣಿನಲ್ಲಿ ತಗ್ಗು ತೋಡಿ ಉಸುಕು ಸುರಿದರೆ ಏನಾಗುತ್ತದೆ? ಬೇಸಿಗೆಯಲ್ಲಿ ಕೆಳಗಿನ ಮಣ್ಣು ಬಿರಿಯುತ್ತದೆ. ಉಸುಕು ಬಿರುಕಿನೊಳಗೆ ಇಳಿಯುತ್ತದೆ. ಮುಂಗಾರಿ ಬಂದಾಗ ಮಣ್ಣು ಉಬ್ಬಿ ಎರಿ ಮೇಲಕ್ಕೆ ಬರುತ್ತದೆ. ಎರಡು ವರ್ಷ ಹೀಗೆ ಮೇಲೆ ಕೆಳಗೆ ಆದರೆ ಬಿಳಿ ಉಸುಕು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅದರಲ್ಲಿ ಜಿಗುಟು ಸೇರಿ ಒಣಗಿದಾಗ ಗಟ್ಟಿ ಪದರ ಕಟ್ಟುತ್ತದೆ. ಅದರ ಮೇಲೆ ಕೋಲು ಬೀಸಿದರೆ ಅದು ಉಸುಕಿನೊಳಗೆ ಇಳಿಯದೆ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ. ಚೆಂಡು ಗ್ರೀನ್ ದಾಟಿ ಯಾರದೋ ಬಾಲ್ಕನಿಗೆ ಹೋಗುತ್ತದೆ. ಬಡಾವಣೆಯೊಳಗಿನ ಮೈದಾನ ಇದು, ನೆನಪಿರಲಿ.

ಇನ್ನು ಇಳಿಜಾರಿನ ಮೇಲೆ ಉಸುಕು ಹತ್ತಿಸುವ ಶೈಲಿ. ಬೆಂಗಳೂರಿನಲ್ಲಿ ನಾನು ಕೆಲಸ ಮಾಡಿದ ಒಂದು ಕಡೆ ಇಂಥ ಬಂಕರ್‌ಗಳಿದ್ದವು. ಅಲ್ಲಿನದು ಕೆಂಪು ಮಣ್ಣು. ಎರಿಗಿಂತ ಎಷ್ಟೋ ವಾಸಿ. ಆದರೂ ಮೇ ತಿಂಗಳ ಗುಡುಗು ಮಳೆ ಅರ್ಧ ಗಂಟೆ ಸುರಿದರೆ ಸಾಕು. ಗೋಡೆಯ ಮೇಲಿನ ಉಸುಕೆಲ್ಲ ತಳಕ್ಕೆ ಇಳಿದಿರುತ್ತಿತ್ತು. ಇಳಿಯುವಾಗ ಸುಮ್ನೆ ಇಳಿಯುವುದಿಲ್ಲ. ಬರಿದಾದ ಗೋಡೆಯ ಕೆಂಪು ಮಣ್ಣನ್ನು ಕೊರೆದು ಅದನ್ನೂ ಜೊತೆಗೆ ಒಯ್ಯುತ್ತದೆ. ಮರುದಿನ ಬೆಳಿಗ್ಗೆ ಕೆಲಸದವರು, ಹೆಚ್ಚಿನವರು ಹೆಣ್ಣುಮಕ್ಕಳು, ಸಲಿಕೆ ಬುಟ್ಟಿ ಹಿಡಿದು ಬಂಕರಿಗೆ ಇಳಿಯುತ್ತಿದ್ದರು. ಮೊದಲು ನೀರು ಹೊರಗೆ ಹಾಕಬೇಕು. ಆಮೇಲೆ ಮೇಲಿನ ಕೆಂಪು ಪದರ ಕೆರೆದು ಎಸೆಯಬೇಕು. ಆಮೇಲೆ ಉಸುಕನ್ನು ಮತ್ತೆ ಗೋಡೆಗೆ ಹತ್ತಿಸಿ, ತಟ್ಟಿ, ಹಲುಬೆ ಎಳೆಯಬೇಕು. ಒಂದು ಗುಂಪಿನ ಇಡೀ ಬೆಳಗು ಮೂರು ನಾಲ್ಕು ಬಂಕರಿಗೆ ಮುಗಿಯುತ್ತಿತ್ತು. ಸಂಜೆ ಮತ್ತೆ ಮಳೆ. ಅತ್ತ ಗ್ರೀನ್ ಮೇಲೆ ರೋಗ ಬಿದ್ದಿರುತ್ತದೆ, ನೋಡಲು ಕೈ ಇರುವುದಿಲ್ಲ. ಮೈದಾನದಲ್ಲಿ ಗ್ರೀನ್ ಬಿಟ್ಟರೆ ಹೆಚ್ಚು ಕೂಲಿ ತಿನ್ನುವುದು ಬಂಕರ್. ಅದನ್ನು ನಾನು ಹಾಜರಿ ಪುಸ್ತಕ ಬರೆದು ಬರೆದು ತಿಳಿದವನು.

ಇದಕ್ಕೆ ಉಪಾಯ ಇಲ್ಲವೆಂದಲ್ಲ. ಉಸುಕಿನ ಕೆಳಗೆ ಹೊದಿಕೆ ಹಾಸುತ್ತಾರೆ. ಒಂದು ಬಗೆ, ದಪ್ಪ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್. ಇನ್ನೊಂದು, ಸಣ್ಣ ಜಲ್ಲಿ ಹರಡಿ ಅದರ ಮೇಲೆ ಪಾಲಿಮರ್ ಸಿಂಪಡಿಸಿ ಅಂಟಿಸುವುದು. ನೀರು ಇಳಿಯುತ್ತದೆ, ಜಲ್ಲಿ ಕದಲುವುದಿಲ್ಲ. ಇದರ ಮೂಲ ರೂಪವನ್ನು ಕಂಡುಹಿಡಿದ ಬಿಲ್ಲಿ ಫುಲ್ಲರ್ ಕೂಡ ಒಂದು ಕಾಲಕ್ಕೆ ಅಗಸ್ಟಾದಲ್ಲಿ ಮೈದಾನದ ಉಸ್ತುವಾರಿ ಆಗಿದ್ದವರೇ. ನೀರು ಬಿಡುವ ಕಾಂಕ್ರೀಟ್ ಕೂಡ ಈಗ ಇದೆ. ಎಲ್ಲವೂ ಕೆಲಸ ಮಾಡುತ್ತವೆ. ಎಲ್ಲಕ್ಕೂ ದುಡ್ಡು ಬೇಕು. ಬಂಕರಿನ ಅಗಲ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಸೈಟು ಮಾರಿ ಮುಗಿದ ಮೇಲೆ ಬಡಾವಣೆಯವರು ಮೈದಾನವನ್ನು ನಿವಾಸಿಗಳ ಸಂಘಕ್ಕೆ ಬಿಟ್ಟುಕೊಡುತ್ತಾರೆ. ಆಗ ತಿಂಗಳ ಖರ್ಚು ಯಾರ ತಲೆಗೆ? ಸೈಟು ಕೊಳ್ಳುವವರು ಈ ಪ್ರಶ್ನೆಯನ್ನು ಈಗಲೇ ಕೇಳಬೇಕು.

ಬಿಳಿ ಬೇಡವಾದರೆ ಸ್ಕಾಟ್ಲೆಂಡಿನ ತರಹದ್ದು ಮಾಡೋಣ ಎಂದು ಯಾರಾದರೂ ಹೇಳಬಹುದು. ಸಣ್ಣ ಬಾಯಿಯ, ಆಳವಾದ, ಪಾಟ್ ಬಂಕರ್ ಎಂದು ಕರೆಯುವಂಥದ್ದು. ಅದರ ಕಥೆ ಚೆನ್ನಾಗಿದೆ. ಬಂಕರ್ ಹುಟ್ಟಿದ್ದೇ ಅಲ್ಲಿನ ಸಮುದ್ರ ದಂಡೆಯಲ್ಲಿ. ಅಲ್ಲಿ ಒಂದಡಿ ಅಗೆದರೆ ಉಸುಕೇ ಸಿಗುತ್ತದೆ. ಮೊಲಗಳು ಬಿಲ ತೋಡಿದವು, ಕುರಿಗಳು ಚಳಿಗಾಳಿ ತಪ್ಪಿಸಿಕೊಳ್ಳಲು ಆ ತಗ್ಗುಗಳಲ್ಲಿ ಒತ್ತೊತ್ತಾಗಿ ಮಲಗಿದವು, ಗಾಳಿ ಉಸುಕನ್ನು ತೂರಿ ತಗ್ಗನ್ನು ಹಿಗ್ಗಿಸಿತು ಎಂದು ಹೇಳುತ್ತಾರೆ. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಮೈದಾನದಲ್ಲಿ ಒಟ್ಟು 112 ಬಂಕರ್ ಇವೆ. ಹದಿನಾಲ್ಕನೇ ಹೋಲಿನಲ್ಲಿರುವ ಒಂದರ ಹೆಸರೇ ಹೆಲ್, ಅಂದರೆ ನರಕ. ಸುಮಾರು ಹತ್ತಡಿ ಆಳ. ಹದಿನೇಳನೇ ಹೋಲಿನ ರೋಡ್ ಬಂಕರ್ ಸಣ್ಣದು, ಆದರೆ ಹೆಸರು ಕೆಡಿಸುವುದರಲ್ಲಿ ದೊಡ್ಡದು. 1978ರಲ್ಲಿ ಬ್ರಿಟನ್ನಿನ ದೊಡ್ಡ ಟೂರ್ನಿಯಾದ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಿದ್ದರು. ಮೆಲ್ಲಗೆ ತಳ್ಳಿದ ಚೆಂಡು ಉರುಳಿ ಆ ಬಂಕರಿಗೆ ಬಿತ್ತು. ಹೊರಗೆ ಬರಲು ನಾಲ್ಕು ಹೊಡೆತ. ಆ ಹೋಲಿಗೆ ಒಟ್ಟು ಒಂಬತ್ತು. ಅದೇ ಮೈದಾನದಲ್ಲಿ 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್ ಆಡಿ ಒಮ್ಮೆಯೂ ಬಂಕರಿಗೆ ಬೀಳದೆ ಗೆದ್ದರು. ಆ ಬಂಕರ್‌ಗಳು ಕೆಲಸ ಮಾಡುವುದು ಹೀಗೆ. ಉಸುಕಿಗಿಂತ ಅದರ ಹೆದರಿಕೆಯೇ ಆಟಗಾರನ ದಾರಿ ತಪ್ಪಿಸುತ್ತದೆ.

ಆಳಕ್ಕೂ ಕಾರಣ ಉಂಟು. ಅಲ್ಲಿ ಗಾಳಿ ಜೋರು. ತಳ ಅಗಲವಾಗಿ, ಮೇಲಕ್ಕಿದ್ದರೆ ಉಸುಕು ಹಾರಿ ಹೋಗುತ್ತದೆ. ಗೋಡೆ ಕುಸಿಯದಂತೆ ಹುಲ್ಲಿನ ಹೆಂಟೆಗಳನ್ನು ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಇಟ್ಟು ಕಟ್ಟುತ್ತಾರೆ. ನೋಡಲು ಬಹಳ ಚೆಂದ. ಆದರೆ ಅಲ್ಲಿನ ತಂಪು ಹವೆಯಲ್ಲೇ ಆ ಗೋಡೆ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಕಟ್ಟಬೇಕು. ಬಿಸಿಲಿಗೆ ಮುಖ ಮಾಡಿದ ಗೋಡೆ ಇನ್ನೂ ಬೇಗ ಒಣಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಎರಿ ಮಣ್ಣಿನ ಹೆಂಟೆ ಇಟ್ಟರೆ ಯುಗಾದಿಗೆ ಕಟ್ಟಿದ್ದು ಬಸವ ಜಯಂತಿಗೆ ಬಿರುಕು ಬಿಟ್ಟಿರುತ್ತದೆ. ಈಗ ಕೃತಕ ಹುಲ್ಲಿನ ಪಟ್ಟಿ ಪೇರಿಸಿ ಕಟ್ಟುವ ಪದ್ಧತಿಯೂ ಬಂದಿದೆ. ಬಾಳಿಕೆ ಬರುತ್ತದೆ. ಆದರೆ ಪ್ಲಾಸ್ಟಿಕ್ ಗೋಡೆ ಕಟ್ಟಿ ಅದಕ್ಕೆ ನಿಸರ್ಗದ ಮಡಿಲು ಅಂತ ಬ್ರೋಷರ್‌ನಲ್ಲಿ ಬರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಜೊತೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಬೆಳಗ್ಗೆ ಆಡಲು ಬರುವವರಲ್ಲಿ ನನ್ನ ವಯಸ್ಸಿನವರೇ ಜಾಸ್ತಿ ಇರುತ್ತಾರೆ. ಆರಡಿ ತಗ್ಗಿಗೆ ಇಳಿಸಿದರೆ ಚೆಂಡು ಹೊರಗೆ ಬರಬಹುದು, ನಾವು ಬರುವುದು ಕಷ್ಟ.

ರೈಲ್ವೆ ಊರು ಅಂದ ಮೇಲೆ ಇನ್ನೊಂದು ಆಸೆ ಯಾರಿಗಾದರೂ ಹುಟ್ಟೀತು. ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ, 1860ರಲ್ಲಿ ಮೊದಲ ಓಪನ್ ನಡೆದ ಮೈದಾನ ಅದು, ಬಂಕರ್ ಗೋಡೆಗೆ ಹಳೇ ರೈಲ್ವೆ ಸ್ಲೀಪರ್ ನಿಲ್ಲಿಸಿದ್ದಾರೆ. ಅಮೆರಿಕದ ಮೈದಾನ ವಿನ್ಯಾಸಕ ಪೀಟ್ ಡೈ 1963ರಲ್ಲಿ ಸ್ಕಾಟ್ಲೆಂಡಿಗೆ ಹೋದಾಗ ಅದನ್ನು ನೋಡಿ, ತಮ್ಮ ಮೈದಾನಗಳಲ್ಲೆಲ್ಲ ಬಳಸಿ ಹೆಸರು ಮಾಡಿದರು. ಹುಬ್ಬಳ್ಳಿಗೆ ಹೊಂದುತ್ತದೆ ಅಲ್ವಾ? ಹೊಂದುತ್ತದೆ. ಆದರೆ ನಮ್ಮ ಹಳಿಗಳ ಕೆಳಗೆ ಈಗ ಕಾಂಕ್ರೀಟ್ ಸ್ಲೀಪರ್. ಹಳೇ ಮರದ್ದು ಸಿಕ್ಕರೂ ಗೆದ್ದಲು ಬಿಡುವುದಿಲ್ಲ. ಮರಕ್ಕೆ ಬಡಿದ ಚೆಂಡು ಹೊಡೆದವನ ಮುಖಕ್ಕೇ ವಾಪಸ್ ಬರುತ್ತದೆ. ಕ್ಲಬ್‌ಹೌಸ್ ಮುಂದೆ ಒಂದು ಬೆಂಚು ಮಾಡಿಸಿ, ಸಾಕು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು. ಈ ಜಾಗಕ್ಕೆ ಸರಿಹೊಂದುವುದು ಹುಲ್ಲಿನ ಗೋಡೆ, ಸಮತಟ್ಟಾದ ಉಸುಕಿನ ತಳ ಇರುವ ಬಂಕರ್. ಉಸುಕು ತಳದಲ್ಲಿ ಮಾತ್ರ. ಗೋಡೆಯೆಲ್ಲ ಹುಲ್ಲು. ಮಳೆ ಬಂದರೆ ಗೋಡೆಯ ಹುಲ್ಲಿನ ಮೇಲೆ ನೀರು ಜಾರಿ ಬರುತ್ತದೆ, ಉಸುಕು ಕದಲುವುದಿಲ್ಲ. ಆ ಹುಲ್ಲನ್ನೂ ಹೊರಗಿನಿಂದ ತರಬೇಕಿಲ್ಲ. ಗಣಪತಿಗೆ ಏರಿಸುವ ನಮ್ಮ ಕರಕಿ ಇದೆಯಲ್ಲ, ಇಡೀ ಜಗತ್ತಿನ ಬಿಸಿ ನಾಡುಗಳ ಗಾಲ್ಫ್ ಮೈದಾನದಲ್ಲಿ ಬರ್ಮುಡಾ ಹೆಸರಿನಲ್ಲಿ ಇರುವುದು ಅದರದೇ ಜಾತಿ. ಎರಿ ಹೊಲದಲ್ಲಿ ಕರಕಿ ಹೊಕ್ಕರೆ ರೈತ ತಲೆ ಚಚ್ಚಿಕೊಳ್ಳುತ್ತಾನೆ. ಎಷ್ಟು ಕಿತ್ತರೂ ಹೋಗುವುದಿಲ್ಲ. ಬಂಕರ್ ಗೋಡೆಗೆ ಬೇಕಾದ್ದು ಅದೇ ಗುಣ. ಒಂದೇ ತೊಂದರೆ, ಅದರ ಕುಡಿ ಉಸುಕಿನೊಳಗೂ ಹರಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ ಒಂದೆರಡು ಸಲ ಅಂಚು ಕತ್ತರಿಸಬೇಕು. ಉಸುಕು ಹೊರುವ ಕೆಲಸದ ಮುಂದೆ ಇದು ಕೆಲಸವೇ ಅಲ್ಲ. ಗೋಡೆಯ ಇಳಿಜಾರು ಮೂರಕ್ಕೆ ಒಂದರಷ್ಟು ಇದ್ದರೆ ಯಂತ್ರದಲ್ಲೇ ಹುಲ್ಲು ಕತ್ತರಿಸಬಹುದು. ಅದಕ್ಕಿಂತ ಕಡಿದಾದರೆ ಒಬ್ಬರು ಹಗ್ಗದ ಆಧಾರದಲ್ಲಿ ನಿಂತು ಕತ್ತರಿಸಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು. ಎರಿ ನೆಲದಲ್ಲಿ ಬಂಕರನ್ನು ಕೆಳಕ್ಕೆ ಅಗೆಯಬಾರದು. ಮೇಲಕ್ಕೆ ಕಟ್ಟಬೇಕು. ತಳವನ್ನು ಸುತ್ತಲಿನ ನೆಲದ ಮಟ್ಟಕ್ಕೋ, ಒಂದರ್ಧ ಅಡಿ ಮೇಲೋ ಇಡಿ. ಸುತ್ತ ದಿಬ್ಬ ಎಬ್ಬಿಸಿ. ನಿಂತು ನೋಡುವವನಿಗೆ ತಗ್ಗಿನಂತೆಯೇ ಕಾಣುತ್ತದೆ. ನೀರಿಗೆ ಮಾತ್ರ ಹೊರಗೆ ಹೋಗಲು ದಾರಿ ಇರುತ್ತದೆ. ತಳದಲ್ಲಿ ಎರಿ ಮೇಲಿನ ಪದರ ತೆಗೆದು ಒಂದಡಿ ಗರಸು ಹಾಕಿ ದಮ್ಮಸ್ಸು ಮಾಡಿ. ಗರಸು ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಅದರಲ್ಲಿ ಕಾಲುವೆ ತೆಗೆದು ನಾಲ್ಕಿಂಚಿನ ತೂತಿನ ಕೊಳವೆ, ಸುತ್ತ ಜಲ್ಲಿ. ನಡುವೆ ಒಂದು ಮುಖ್ಯ ಕೊಳವೆ, ಎರಡೂ ಕಡೆಯಿಂದ ಅದಕ್ಕೆ ಸೇರುವ ಕಿರು ಕೊಳವೆಗಳು. ಮೇಲೆ ಹೊದಿಕೆ. ಅದರ ಮೇಲೆ ನಾಲ್ಕರಿಂದ ಆರು ಇಂಚು ಉಸುಕು. ಕೊಳವೆಯ ಬಾಯಿ ತಗ್ಗಿನ ಕಡೆ ತೆರೆದುಕೊಂಡಿರಬೇಕು, ಕಣ್ಣಿಗೆ ಕಾಣಬೇಕು. ಕಾಣದ ಕೊಳವೆ ಕಟ್ಟಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಆ ನೀರನ್ನು ಕೃಷಿ ಹೊಂಡದ ತರಹದ ಒಂದು ಹೊಂಡಕ್ಕೆ ಬಿಟ್ಟರೆ ಬೇಸಿಗೆಗೆ ಸ್ವಲ್ಪವಾದರೂ ಆಗುತ್ತದೆ. ಬೆಣ್ಣಿಹಳ್ಳ ಉಕ್ಕುವುದನ್ನು ಕಂಡ ಸೀಮೆ ಇದು. ವರ್ಷದಲ್ಲಿ ಹತ್ತು ತಿಂಗಳು ನೀರಿಲ್ಲ ಅಂತ ಅಳುತ್ತೇವೆ, ಬಂದ ದಿನ ಎಲ್ಲಿಗೆ ಬಿಡಬೇಕು ಅಂತ ತಿಳಿಯುವುದಿಲ್ಲ. ಬಂಕರಿನಲ್ಲಿ ನೀರು ನಿಂತರೆ ಆಟವಂತೂ ಹೋಯಿತು, ಡೆಂಗಿ ಸೊಳ್ಳೆಗೂ ಜಾಗ ಕೊಟ್ಟಂತೆ.

ಇನ್ನು ಉಸುಕು. ಈ ಭಾಗದಲ್ಲಿ ಉಸುಕು ಅಂದ ಕೂಡಲೇ ಎಲ್ಲರ ಕಣ್ಣು ತುಂಗಭದ್ರೆಯ ಕಡೆ ಹೋಗುತ್ತದೆ. ಹಾವೇರಿ ಜಿಲ್ಲೆಯ ದಂಡೆ, ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆ. ಅಕ್ರಮ ಟಿಪ್ಪರ್ ಹಿಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಆಗಾಗ ಬರುತ್ತದೆ. ಮನೆ ಕಟ್ಟುವವರಿಗೇ ನದಿ ಉಸುಕು ಸಿಗದ ಕಾಲದಲ್ಲಿ ಅದನ್ನು ತಂದು ಆಟದ ತಗ್ಗಿಗೆ ಸುರಿಯುವುದು ಸರಿಯಲ್ಲ. ಆಟದ ದೃಷ್ಟಿಯಿಂದಲೂ ಅದು ಬೇಕಿಲ್ಲ. ನದಿಯಲ್ಲಿ ಉರುಳಿ ಬಂದ ಕಾಳು ದುಂಡಗಿರುತ್ತದೆ. ದುಂಡನೆಯ ಕಾಳು ಒಂದರ ಮೇಲೊಂದು ಜಾರುತ್ತದೆ. ಮೇಲಿನಿಂದ ಬಿದ್ದ ಚೆಂಡು ಅರ್ಧ ಹೂತು ಹೋಗುತ್ತದೆ. ಆಟಗಾರರು ಇದನ್ನು ಫ್ರೈಡ್ ಎಗ್ ಎನ್ನುತ್ತಾರೆ. ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡ್ ಕಾಳಿಗೆ ಮೂಲೆಗಳಿರುತ್ತವೆ. ಒಂದಕ್ಕೊಂದು ಹಿಡಿದು ನಿಲ್ಲುತ್ತದೆ, ಚೆಂಡು ಮೇಲೆ ಕೂರುತ್ತದೆ.

ಹಾಗಂತ ಕ್ರಷರ್‌ನಿಂದ ಬಂದ ಲೋಡನ್ನು ನೇರ ಸುರಿಯುವಂತಿಲ್ಲ. ಅದರಲ್ಲಿ ಹಿಟ್ಟಿನಂಥ ಧೂಳು ಇರುತ್ತದೆ, ಮಳೆ ಬಿದ್ದರೆ ಗಟ್ಟಿಯಾಗುತ್ತದೆ. ದಪ್ಪ ಹರಳೂ ಇರುತ್ತದೆ. ಆ ಹರಳು ಹೊಡೆತಕ್ಕೆ ಹಾರಿ ಗ್ರೀನ್ ಮೇಲೆ ಬಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಹೋಯಿತು. ಆ ಬ್ಲೇಡಿನ ಬೆಲೆ ಕೇಳಿದರೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. ತೊಳೆಸಬೇಕು, ಜರಡಿ ಹಿಡಿಸಬೇಕು. ಹೆಚ್ಚಿನ ಪಾಲು ಕಾಳು ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ನಡುವೆ ಬರಬೇಕು. ಬಣ್ಣ ಬೂದಿ ಬರುತ್ತದೆ. ಬರಲಿ. ನಮ್ಮ ಬಿಸಿಲಿಗೆ ಬಿಳಿ ಉಸುಕು ಕಣ್ಣಿಗೆ ಚುಚ್ಚುತ್ತದೆ. ಅದರಲ್ಲಿ ಬಗ್ಗಿ ದಿನವಿಡೀ ಹಲುಬೆ ಎಳೆಯುವವರನ್ನು ಒಮ್ಮೆ ಕೇಳಿ ನೋಡಿ. ಬೂದಿ ಬಣ್ಣದ ಮೇಲೆ ಬಿಳಿ ಚೆಂಡು ಚೆನ್ನಾಗಿಯೇ ಕಾಣುತ್ತದೆ.

ಎಷ್ಟು ಬಂಕರ್ ಬೇಕು? ಇಂಗ್ಲೆಂಡಿನ ರಾಯಲ್ ಆಶ್‌ಡೌನ್ ಫಾರೆಸ್ಟ್ ಮೈದಾನ 1888ರಿಂದ ಇದೆ. ಒಂದೂ ಬಂಕರ್ ಇಲ್ಲ. ಕಾಡಿನ ಜಾಗವಾದ್ದರಿಂದ ನೆಲ ಅಗೆಯಲು ಬಿಡಲಿಲ್ಲ. ಹಳ್ಳ, ದಿಬ್ಬ, ಕುರುಚಲು ಗಿಡಗಳೇ ಆಟಗಾರರನ್ನು ಸಾಕಷ್ಟು ಕಾಡುತ್ತವೆ. ಇನ್ನೊಂದು ತುದಿಗೆ ಪೀಟ್ ಡೈ ಅವರದೇ ವಿಸ್ಲಿಂಗ್ ಸ್ಟ್ರೇಟ್ಸ್. ಅಮೆರಿಕದ ಮಿಶಿಗನ್ ಸರೋವರದ ದಂಡೆಯಲ್ಲಿ ಸುಮಾರು ಸಾವಿರ ಬಂಕರ್. 2015ರಲ್ಲಿ ನಮ್ಮ ಬೆಂಗಳೂರಿನ ಅನಿರ್ಬಾನ್ ಲಾಹಿರಿ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡದ್ದು ಅಲ್ಲೇ. ಅದಕ್ಕೂ ಮೊದಲು 2010ರಲ್ಲಿ ಅಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಡಸ್ಟಿನ್ ಜಾನ್ಸನ್ ಕೊನೆಯ ಹೋಲಿನಲ್ಲಿ ಮುಂದಿದ್ದರು. ಚೆಂಡು ಪ್ರೇಕ್ಷಕರು ತುಳಿದ ಉಸುಕಿನ ತೇಪೆಯ ಮೇಲಿತ್ತು. ಅದು ಬಂಕರ್ ಎಂದೇ ಅವರಿಗೆ ಅನಿಸಲಿಲ್ಲ. ಕೋಲನ್ನು ನೆಲಕ್ಕೆ ತಾಗಿಸಿದರು. ಎರಡು ಹೊಡೆತದ ದಂಡ ಬಿತ್ತು, ಸಮ ಬಂದವರ ನಡುವಿನ ಪ್ಲೇಆಫ್ ಕೂಡ ತಪ್ಪಿತು. ಎಲ್ಲ ಕಡೆ ಬಂಕರ್ ಮಾಡಿದರೆ ಯಾವುದು ಬಂಕರ್ ಎಂಬುದೇ ತಿಳಿಯದೆ ಹೋಗುತ್ತದೆ.

ಒಂಬತ್ತು ಹೋಲಿನ ಈ ಮೈದಾನಕ್ಕೆ 12 ಸಾಕು. ಅವೂ ಎಲ್ಲಿ ಎಂಬುದು ಮುಖ್ಯ. ಇಲ್ಲಿ ಆಡುವವರಲ್ಲಿ ಬಹಳಷ್ಟು ಜನ ಹೊಸಬರು. ಅವರ ಹೊಡೆತ ಸಾಮಾನ್ಯವಾಗಿ 200 ಗಜದ ಆಸುಪಾಸು. ನಕ್ಷೆಯಲ್ಲಿ ಸರಿಯಾಗಿ ಅಲ್ಲಿಯೇ ಎರಡೂ ಕಡೆ ಬಂಕರ್ ಸಾಲು ಹಾಕಿದ್ದಾರೆ. ಚೆನ್ನಾಗಿ ಆಡುವವನು ಅದರ ಮೇಲಿಂದ ಹಾರಿಸುತ್ತಾನೆ, ಅವನಿಗೆ ಅದು ಲೆಕ್ಕಕ್ಕೇ ಇಲ್ಲ. ಕಲಿಯುವವನು ಮಾತ್ರ ಪ್ರತಿ ಸಲ ಅದರಲ್ಲಿ ಬೀಳುತ್ತಾನೆ. ದೊಡ್ಡ ಆಟಗಾರರಿಗೆ ಬಂಕರ್ ಈಗ ಅಂಥ ಶಿಕ್ಷೆಯೂ ಅಲ್ಲ. ಅಮೆರಿಕದ ಆಟಗಾರ ಜೀನ್ ಸಾರಾಜೆನ್ ತಳ ದಪ್ಪಗಿರುವ ಸ್ಯಾಂಡ್ ವೆಜ್ ಎಂಬ ಕೋಲು ರೂಪಿಸಿಕೊಂಡು 1932ರ ಓಪನ್ ಗೆದ್ದ ಮೇಲೆ ಉಸುಕಿನ ಹೆದರಿಕೆ ಅರ್ಧ ಕಡಿಮೆಯಾಯಿತು. ಉದ್ದ ಹುಲ್ಲಿಗಿಂತ ಬಂಕರೇ ವಾಸಿ ಎನ್ನುವ ವೃತ್ತಿಪರರು ಬಹಳ. 2024ರ ಯುಎಸ್ ಓಪನ್ ನೋಡಿದವರಿಗೆ ನೆನಪಿರಬೇಕು. ಬ್ರೈಸನ್ ಡಿಶಾಂಬೋ ಕೊನೆಯ ಹೋಲಿನಲ್ಲಿ ಸುಮಾರು 55 ಗಜ ದೂರದ ಬಂಕರಿನಿಂದ ಹೊಡೆದು ಚೆಂಡನ್ನು ಕುಳಿಯ ಹತ್ತಿರ ತಂದು ಗೆದ್ದರು.

ಹಾಗಾಗಿ ಬಂಕರ್ ಇಡುವುದಾದರೆ ಯೋಚನೆಗೆ ಹಚ್ಚುವ ಕಡೆ ಇಡಿ. ಒಂದು ಕಡೆ ಬಂಕರ್, ಇನ್ನೊಂದು ಕಡೆ ಖುಲ್ಲಾ. ಬಂಕರಿನ ಹತ್ತಿರ ಧೈರ್ಯವಾಗಿ ಹೋದವನಿಗೆ ಮುಂದಿನ ಹೊಡೆತ ಸುಲಭವಾಗಬೇಕು. ದೂರ ಸರಿದವನಿಗೆ ದಾರಿ ಉದ್ದವಾಗಬೇಕು, ಅಷ್ಟೇ. ಗ್ರೀನ್ ಮುಂದಿನ ಬಾಯನ್ನು ಮುಚ್ಚಬೇಡಿ. ಬೇಸಿಗೆಯಲ್ಲಿ ನಮ್ಮ ನೆಲ ಗಟ್ಟಿಯಾಗುತ್ತದೆ, ಚೆಂಡು ಬಿದ್ದು ಉರುಳುತ್ತದೆ. ಉರುಳಿಸಿಕೊಂಡು ಗ್ರೀನ್ ಮುಟ್ಟುವ ಆಟಕ್ಕೆ ಅವಕಾಶ ಇರಲಿ. ಉಳಿದ ಕಡೆ ಉಸುಕಿಲ್ಲದ ಹುಲ್ಲಿನ ತಗ್ಗು ಮಾಡಿ. ಖರ್ಚಿಲ್ಲ, ಹಲುಬೆ ಬೇಡ. ಅದರಿಂದ ಹೊಡೆಯುವುದು ಎಷ್ಟೋ ಸಲ ಉಸುಕಿಗಿಂತ ಕಷ್ಟ. ಬೀದಿನಾಯಿಗಳಿಗೆ ತಂಪು ಉಸುಕು ಬಹಳ ಪ್ರೀತಿ ಎಂಬುದನ್ನೂ ನಾನು ಅನುಭವದಿಂದ ಹೇಳುತ್ತೇನೆ. ಬಂಕರ್ ಕಡಿಮೆಯಾದಷ್ಟೂ ಆ ಜಗಳ ಕಡಿಮೆ.

ಇದು ಹುಬ್ಬಳ್ಳಿ ಕಡೆಯ ಎರಿಗೆ ಹೇಳಿದ ಮಾತು. ಇದನ್ನೇ ಎಲ್ಲ ಕಡೆ ಮಾಡಿ ಎನ್ನುವುದಿಲ್ಲ. ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಸುತ್ತ ಗಾಳಿ ಹೇಗಿರುತ್ತದೆ ಎಂಬುದಕ್ಕೆ ಅಲ್ಲಿನ ಗಾಳಿಯಂತ್ರಗಳೇ ಸಾಕ್ಷಿ. ಆಷಾಢದ ಗಾಳಿಗೆ ಅಗಲ ಬಂಕರಿನ ಸಣ್ಣ ಉಸುಕು ನಿಲ್ಲುವುದಿಲ್ಲ. ಅಲ್ಲಿ ಯಾರಾದರೂ ಮೈದಾನ ಮಾಡಿದರೆ ತಳ ಸಣ್ಣದಾಗಿ, ಸ್ವಲ್ಪ ಆಳವಾಗಿ, ಪಡುವಣ ಗಾಳಿಗೆ ಬೆನ್ನು ಮಾಡಿ ಇಡಬೇಕು. ಮಸಾರಿ, ಗರಸು ನೆಲ ಇದ್ದ ಕಡೆ ಇನ್ನೂ ಒಳ್ಳೆಯ ದಾರಿ ಇದೆ. ನೆಲವನ್ನು ಇದ್ದ ಹಾಗೇ ಬಿಡುವುದು. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಮೈದಾನ ಡೊನಾಲ್ಡ್ ರಾಸ್ ಅವರ ಕೈಯದು. ನಡುವೆ ಯಾರೋ ಎಲ್ಲ ಕಡೆ ಹಸಿರು ಹುಲ್ಲು ಹಾಸಿಬಿಟ್ಟಿದ್ದರು. 2010-11ರಲ್ಲಿ ಮೈದಾನ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಸುಮಾರು 35 ಎಕರೆ ಹುಲ್ಲು ಕಿತ್ತು ಹಾಕಿ ಅಲ್ಲಿಯದೇ ಉಸುಕು, ಅಲ್ಲಿಯದೇ ಒರಟು ಹುಲ್ಲಿಗೆ ಜಾಗ ಕೊಟ್ಟರು. ನೀರಿನ ಖರ್ಚು ಇಳಿಯಿತು. 2014ರಲ್ಲಿ ಗಂಡಸರ ಮತ್ತು ಹೆಂಗಸರ ಯುಎಸ್ ಓಪನ್ ಎರಡೂ ಒಂದರ ಹಿಂದೆ ಒಂದು ವಾರ ಅಲ್ಲೇ ನಡೆದವು. ಡಿಶಾಂಬೋ ಗೆದ್ದದ್ದೂ ಅಲ್ಲೇ. ನೀರಿನ ಚಿಂತೆ ಮಾಡಿ ಪತ್ರ ಬರೆದ ಓದುಗರಿಗೂ ಇದು ಉಪಯೋಗಕ್ಕೆ ಬಂದೀತು. ಬಡಾವಣೆಯವರನ್ನು ಎಷ್ಟು ಎಕರೆಗೆ ನೀರು ಬಿಡುತ್ತೀರಿ ಅಂತ ಕೇಳಿ. ಆಡುವ ಪಟ್ಟಿ ಬಿಟ್ಟು ಉಳಿದದ್ದು ಜವಾರಿ ಹುಲ್ಲು, ಬದುವಿನ ಮೇಲೆ ಲಾವಂಚ ಇದ್ದರೆ ಸಾಕು ಅನ್ನಿ.

ಬಡಾವಣೆಯವರಿಗೆ ಒಂದೇ ಕೋರಿಕೆ. ಇಡೀ ಮೈದಾನದ ಗುತ್ತಿಗೆ ಕೊಡುವ ಮೊದಲು ಆ ಹೊಲದ ಒಂದು ಮೂಲೆಯಲ್ಲಿ ಮೂರು ಬಂಕರ್ ಮಾಡಿಸಿ. ಒಂದು ನಿಮ್ಮ ಬ್ರೋಷರಿನ ಬಿಳಿ ಉಸುಕಿನದು. ಒಂದು ಅಗೆದು ಮಾಡಿದ್ದು. ಒಂದು ಗರಸಿನ ಮೇಲೆ ಕಟ್ಟಿ ಕರಕಿ ಹಾಸಿದ್ದು. ಮೂರಕ್ಕೂ ಒಬ್ಬರೇ ಕೆಲಸದವರನ್ನು ಇಟ್ಟು, ಯಾವುದಕ್ಕೆ ಎಷ್ಟು ಆಳು ಹಿಡಿಯಿತು ಅಂತ ಬರೆದಿಡಿ. ರೋಹಿಣಿ ಮಳೆಗೆ ಮುಂಚೆ ಮಾಡಿಸಿದರೆ ದಸರೆ ಹೊತ್ತಿಗೆ ಲೆಕ್ಕ ಕೈಗೆ ಬರುತ್ತದೆ. ಆ ಲೆಕ್ಕವನ್ನು ಸೈಟು ಕೊಳ್ಳುವವರಿಗೂ ತೋರಿಸಿ. ಅಳತೆ ಹಾಕಿಕೊಡಲು ಕರೆದರೆ ನಾನು ಬರುತ್ತೇನೆ, ದುಡ್ಡು ಬೇಡ. ಬೆಳಿಗ್ಗೆ ಬೇಗ ಆದರೆ ಒಳ್ಳೆಯದು. ಹತ್ತರ ನಂತರದ ಬಿಸಿಲು ಈಗ ನನಗೆ ತಡೆಯುವುದಿಲ್ಲ.

ಇತಿ ನಿಮ್ಮ ಓದುಗ,
ನಿವೃತ್ತ ಗಾಲ್ಫ್ ಮೈದಾನ ಮೇಲ್ವಿಚಾರಕ, ಧಾರವಾಡ